ಎಮ್ಮೆದೊಡ್ಡಿ ಆಕಾಶದ ಆ ಕೆಂಪು ಕಲೆ

ಇವತ್ತಿನ ಎಪಿಸೋಡ್ ಒಂದು ಫೋಟೋದಿಂದ ಶುರು. ಸ್ಟೋರಿಗೆ ಹಾಕೋಕೆ ಹೋಗಿ ಕೈ ಹಿಂದೆ ತಗೊಂಡ ಫೋಟೋ.

2024ರ ಮೇ 10ರ ರಾತ್ರಿ ದೊಡ್ಡ ಸೌರ ಬಿರುಗಾಳಿ ಭೂಮಿಗೆ ಬಡಿದಿತ್ತು. ಲಡಾಖ್‌ನ ಹಾನ್ಲೆಯಲ್ಲಿ, ನಮ್ಮ ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೋಫಿಸಿಕ್ಸ್ ನಡೆಸುವ ವೀಕ್ಷಣಾಲಯದ ಕ್ಯಾಮೆರಾದಲ್ಲಿ ಉತ್ತರದ ಅಂಚು ಕೆಂಪಾಗಿ ಕಂಡಿತು. ಅದೇ ಅರೋರಾ, ಧ್ರುವಪ್ರಭೆ. ಬರೀ ಕೆಂಪು ಯಾಕೆ? ಅರೋರಾದ ಹಸಿರು ಹುಟ್ಟೋದು ಸುಮಾರು 100–150 ಕಿ.ಮೀ. ಎತ್ತರದಲ್ಲಿ, ಕೆಂಪು 200 ಕಿ.ಮೀ.ಗಿಂತ ಮೇಲೆ. ದೂರದಿಂದ ನೋಡುವವರಿಗೆ ಭೂಮಿಯ ಉಬ್ಬು ಹಸಿರನ್ನು ಮರೆಮಾಡುತ್ತೆ, ಕೆಂಪು ಮಾತ್ರ ಇಣುಕುತ್ತೆ.

ಮರುದಿನ ರಾತ್ರಿ ನಾನು ಕಡೂರು ತಾಲೂಕಿನ ಎಮ್ಮೆದೊಡ್ಡಿಯಲ್ಲಿ, ಮಾವನ ಮನೆಯಲ್ಲಿದ್ದೆ. ಫೋನಲ್ಲಿ ಉತ್ತರದ ಕಡೆ ಒಂದು ಫೋಟೋ ತೆಗೆದರೆ, ಕೆಳಗೆ ಕೆಂಪು ಕಲೆ! "ಅದೇ ಕಣೋ, ಹಾಕು" ಅಂದ ಮಾವನ ಮಗ. ಕ್ಯಾಪ್ಶನ್ ಕೂಡ ಟೈಪ್ ಮಾಡಿದ್ದೆ. ಆದ್ರೆ ಎಮ್ಮೆದೊಡ್ಡಿ ಹಾನ್ಲೆಗಿಂತ 2,000 ಕಿ.ಮೀ.ಗೂ ಹೆಚ್ಚು ದಕ್ಷಿಣಕ್ಕಿದೆ. ಅನುಮಾನ ಬಂತು. ಟೈಮ್‌ಲ್ಯಾಪ್ಸ್ ಇಟ್ಟು ನೋಡೋಣ ಅಂದ್ಕೊಂಡೆ.

ಲೆಕ್ಕ ಸುಲಭ, ಬಿ.ಕಾಂ. ಓದಿದ್ದಕ್ಕೆ ಇಷ್ಟಾದ್ರೂ ಬರಬೇಕಲ್ಲ. ಒಂದು ಫೋಟೋಗೆ 10 ಸೆಕೆಂಡ್ ಎಕ್ಸ್‌ಪೋಷರ್, ನಡುವೆ 2 ಸೆಕೆಂಡ್ ಬಿಡುವು. 300 ಫೋಟೋಗೆ ಸರಿಯಾಗಿ ಒಂದು ಗಂಟೆ. ಸೆಕೆಂಡಿಗೆ 30 ಫೋಟೋದಂತೆ ಓಡಿಸಿದರೆ 10 ಸೆಕೆಂಡ್ ವಿಡಿಯೋ. ಟ್ರೈಪಾಡ್ ಗಟ್ಟಿಯಾಗಿರಲಿ, ಫೋಕಸ್ ಮ್ಯಾನ್ಯುಯಲ್ ಮಾಡಿ ಇನ್ಫಿನಿಟಿಗೆ ಇಡಿ, ಫ್ಲೈಟ್ ಮೋಡ್ ಹಾಕಿ. ಐಎಸ್‌ಒ, ವೈಟ್ ಬ್ಯಾಲೆನ್ಸ್ ಆಟೋದಲ್ಲಿ ಬಿಡಬೇಡಿ, ವಿಡಿಯೋ ಮಿಣುಕುತ್ತೆ. ನಾರ್ವೆಗೆ ಹೋದವರಿಗೆ ಒಂದು ಮಾತು: ಅರೋರಾ ಜೋರಾಗಿ ಕುಣಿಯುವಾಗ 10 ಸೆಕೆಂಡ್ ಜಾಸ್ತಿ ಆಯ್ತು, ಹಸಿರು ಪರದೆಯ ಮಡಿಕೆಗಳೆಲ್ಲ ಕಲಸಿಹೋಗುತ್ತವೆ. ಎರಡು ಮೂರು ಸೆಕೆಂಡ್ ಸಾಕು.

ವಿಡಿಯೋ ಓಡಿಸಿದೆ. ಧ್ರುವ ನಕ್ಷತ್ರ ಎಮ್ಮೆದೊಡ್ಡಿಯಲ್ಲಿ ತುಂಬಾ ಕೆಳಗೆ, ದಿಗಂತದಿಂದ ಸುಮಾರು 13 ಡಿಗ್ರಿ ಮೇಲೆ. ಅದರ ಸುತ್ತ ಮಿಕ್ಕ ನಕ್ಷತ್ರಗಳು ನಿಧಾನವಾಗಿ ತಿರುಗ್ತಿವೆ. ಕೆಂಪು ಕಲೆ? ಮುನ್ನೂರು ಫೋಟೋದಲ್ಲೂ ಅದೇ ಮರದ ಹಿಂದೆ, ಅದೇ ಆಕಾರ. ಅರೋರಾ ಆಗಿದ್ರೆ ಒಂದು ಗಂಟೆಯಲ್ಲಿ ಹಬ್ಬಬೇಕಿತ್ತು, ಮಸುಕಾಗಬೇಕಿತ್ತು, ಜಾಗ ಬದಲಿಸಬೇಕಿತ್ತು. ನಡುವೆ ತೆಳು ಮೋಡ ಹಾದಾಗ ಕಲೆ ಇನ್ನೂ ಹೊಳೆಯಿತು. ಆಕಾಶದ ಬೆಳಕಾದ್ರೆ ಮೋಡದ ಹಿಂದೆ ಮಂಕಾಗಬೇಕು. ಇದು ಕೆಳಗಿಂದ ಮೇಲಕ್ಕೆ ಬೀಳ್ತಿದ್ದ ದೀಪದ ಬೆಳಕು.

ಮಾವ ವಿಡಿಯೋ ನೋಡಿ, "ಅದು ರಸ್ತೆ ಲೈಟ್ ಕಣಪ್ಪಾ, ಕೇಳಿದ್ರೆ ಮೊದಲೇ ಹೇಳ್ತಿದ್ದೆ" ಅಂದ್ರು.