ಮಾದರಿ ವಿಮಾನದ ಆಂಟೆನಾ
ಇಂದಿನ ಬಹುಪಾಲು ಮಾದರಿ ವಿಮಾನಗಳು 2.4 ಗಿಗಾಹರ್ಟ್ಸ್ ಆವರ್ತನದ ರೇಡಿಯೋ ಅಲೆಗಳಿಂದ ನಿಯಂತ್ರಿತವಾಗುತ್ತಿದ್ದು, ಈ ಅಲೆಯ ಉದ್ದ ಸುಮಾರು 12.5 ಸೆಂಟಿಮೀಟರ್ ಮಾತ್ರವಾದ್ದರಿಂದ, ವಿಮಾನದೊಳಗಿನ ರಿಸೀವರಿನ ಆಂಟೆನಾದಲ್ಲಿ ಸಂಕೇತ ಹಿಡಿಯುವುದು ಹೊರಕವಚವಿಲ್ಲದ ತುದಿಯ, ಅಲೆಯುದ್ದದ ಕಾಲು ಭಾಗವಾದ ಸುಮಾರು 31 ಮಿಲಿಮೀಟರ್ ತಂತಿಯಷ್ಟೇ. ಉಳಿದದ್ದು ಬರೀ ಕೇಬಲ್. ಈ ತುದಿ ಬ್ಯಾಟರಿ, ಮೋಟಾರು ಅಥವಾ ಕಾರ್ಬನ್ ಫೈಬರಿನ ಮರೆಗೆ ಬಿದ್ದರೆ ರಿಸೀವರ್ ಎಷ್ಟೇ ದುಬಾರಿಯಾದರೂ ಪ್ರಯೋಜನವಿಲ್ಲ. ತಂತಿಯು ತನ್ನ ತುದಿಯ ನೇರಕ್ಕೆ ಬರುವ ಅಲೆಗಳನ್ನು ತೀರ ದುರ್ಬಲವಾಗಿ ಗ್ರಹಿಸುವುದರಿಂದ, ಎರಡು ಆಂಟೆನಾಗಳನ್ನು ಪರಸ್ಪರ 90 ಡಿಗ್ರಿ ಕೋನದಲ್ಲಿ ಕೂರಿಸಿದರೆ, ವಿಮಾನ ಹೇಗೆ ಹೊರಳಿದರೂ ಒಂದಲ್ಲ ಒಂದಕ್ಕೆ ಸಂಕೇತ ದೊರೆಯುತ್ತದೆ. ಟ್ರಾನ್ಸ್‌ಮಿಟರಿನ ಶಕ್ತಿಯನ್ನು ತಗ್ಗಿಸಿ, ದೂರ ನಡೆದು ನಿಯಂತ್ರಣ ಪರೀಕ್ಷಿಸುವ ‘ರೇಂಜ್ ಚೆಕ್’ ಅನ್ನು ಮೋಟಾರು ಓಡುತ್ತಿರುವಾಗಲೂ ಮಾಡಬೇಕು. ಸಂಪರ್ಕ ಕಡಿದಾಗ ಮೋಟಾರು ತಾನಾಗಿ ನಿಲ್ಲುವ ‘ಫೇಲ್‌ಸೇಫ್’ ವ್ಯವಸ್ಥೆಯನ್ನೂ ನೆಲದ ಮೇಲೆಯೇ ಪರೀಕ್ಷಿಸಬೇಕು.