ಹಳೆಯ ಕಥೆಗೆ ಹೊಸ ಮುಖ: ಅಭಿಮಾನಿ ಚಿತ್ರಕಾರರನ್ನು ಕರೆಯುವ ಮುನ್ನ

ಶಾಲೆಗಳು ಪುನರಾರಂಭವಾಗುವ ಹೊತ್ತಿಗೆ ಗೋಕಾಕ, ಮೂಡಲಗಿ ಹಾಗೂ ಹುಕ್ಕೇರಿ ಪೇಟೆಗಳ ಪುಸ್ತಕದಂಗಡಿಗಳಲ್ಲಿ ಒಂದೇ ಬಗೆಯ ನೋಟ ಕಾಣಸಿಗುತ್ತದೆ. ನೋಟ್‌ಬುಕ್ಕಿನ ರಟ್ಟಿನ ಮೇಲೆ ಛೋಟಾ ಭೀಮ್, ಪಾಟಿಚೀಲದ ಮೇಲೆ ಡೊರೆಮಾನ್, ಕಂಪಾಸ್ ಪೆಟ್ಟಿಗೆಯ ಮೇಲೆ ಮಿಕ್ಕಿ ಮೌಸ್. ಅದೇ ಅಂಗಡಿಯ ಒಳಗಿನ ಕಪಾಟಿನಲ್ಲಿ ಪಂಚತಂತ್ರ, ಜಾನಪದ ಕಥೆಗಳ ಪುಸ್ತಕಗಳು ಗಿರಾಕಿಗಾಗಿ ಕಾದಿರುತ್ತವೆ. ಇವೆರಡನ್ನೂ ಕೂಡಿಸಿದರೆ ಹೇಗೆ ಎಂಬ ಆಲೋಚನೆ ಸಹಜವಾದದ್ದು. ಕರಟಕ ದಮನಕರ ಕಥೆಯನ್ನು ಮಕ್ಕಳು ಮೆಚ್ಚಿದ ಕಾರ್ಟೂನ್ ಪಾತ್ರಗಳ ಮುಖದಲ್ಲಿ ಬರೆಯಿಸುವುದು, ಅದಕ್ಕಾಗಿ ಆ ಪಾತ್ರಗಳನ್ನು ಪ್ರೀತಿಯಿಂದ ಬಿಡಿಸುವ ಅಭಿಮಾನಿ ಚಿತ್ರಕಾರರನ್ನು ಆಹ್ವಾನಿಸುವುದು, ಗೆದ್ದ ಚಿತ್ರಗಳನ್ನು ಪುಸ್ತಕ, ನೋಟ್‌ಬುಕ್ಕು, ಆಟಿಕೆಗಳ ಮೇಲೆ ತರುವುದು. ಬಂಡವಾಳ ಅಲ್ಪ, ಆಕರ್ಷಣೆ ಅಧಿಕ. ಆದರೆ ಈ ಯೋಜನೆಯ ಒಂದು ಭಾಗ ಸಣ್ಣ ಉದ್ದಿಮೆದಾರನನ್ನು ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಿಸಬಲ್ಲದು. ಇನ್ನೊಂದು ಭಾಗದಲ್ಲಿ ಈ ಮೂರು ತಾಲೂಕುಗಳು ಇನ್ನೂ ಮುಟ್ಟದಿರುವ ಸಂಪತ್ತು ಅಡಗಿದೆ. ಎರಡನ್ನೂ ಬೇರ್ಪಡಿಸಿ ನೋಡುವುದು ಅವಶ್ಯ.

ಅಭಿಜಾತ ಕೃತಿಯನ್ನು ಕಾರ್ಟೂನ್ ಪಾತ್ರಗಳಿಂದ ಆಡಿಸುವ ಪ್ರಯೋಗ ಹೊಸದೇನಲ್ಲ. ಇಟಲಿಯಲ್ಲಿ 1949-50ರಲ್ಲಿಯೇ ಮಹಾಕವಿ ದಾಂತೆಯ ನರಕಯಾತ್ರೆಯನ್ನು ಮಿಕ್ಕಿ ಮೌಸ್ ಕೈಗೊಂಡಂತೆ ಚಿತ್ರಕಥೆಯೊಂದು ಧಾರಾವಾಹಿಯಾಗಿ ಪ್ರಕಟವಾಯಿತು. ಗ್ವೀದೊ ಮಾರ್ತಿನಾ ಬರೆದ, ಆಂಜೆಲೊ ಬಿಯೊಲೆತ್ತೊ ಚಿತ್ರಿಸಿದ ಆ ಕೃತಿಯನ್ನು ಇಟಲಿಯ ಓದುಗರು ಇಂದಿಗೂ ನೆನೆಯುತ್ತಾರೆ. ವ್ಯಾಪಾರಸ್ಥರು ಗಮನಿಸಬೇಕಾದ ಸಂಗತಿಯೆಂದರೆ, ಪ್ರಕಾಶಕರಾದ ಮೊಂಡಡೋರಿ ಸಂಸ್ಥೆಯವರು ಡಿಸ್ನಿ ಕಂಪನಿಯ ಪರವಾನಗಿ ಪಡೆದವರಾಗಿದ್ದರು. ದಾಂತೆ ತೀರಿಕೊಂಡು ಆರು ಶತಮಾನಗಳು ಕಳೆದಿದ್ದವು, ಮಿಕ್ಕಿಗೆ ಮಾಲೀಕರಿದ್ದರು. ಕಥೆ ಉಚಿತವಾಗಿತ್ತು, ಮುಖಕ್ಕೆ ಬೆಲೆಯಿತ್ತು.

ಜಪಾನಿನ ದಾರಿ ಬೇರೆ. ಟೋಕಿಯೋದಲ್ಲಿ 1975ರ ಡಿಸೆಂಬರಿನಲ್ಲಿ 32 ತಂಡಗಳು ಸೇರಿ ಆರಂಭಿಸಿದ ಕಾಮಿಕ್ ಮಾರ್ಕೆಟ್ ಎಂಬ ಸಂತೆಯಲ್ಲಿ ಅಭಿಮಾನಿಗಳು ತಾವೇ ಬರೆದು, ತಾವೇ ಮುದ್ರಿಸಿದ ಪುಸ್ತಕಗಳನ್ನು ಮಾರುತ್ತಾರೆ. ಇಂದು ಅಲ್ಲಿಗೆ ಲಕ್ಷಗಟ್ಟಲೆ ಜನ ಬರುತ್ತಾರೆ. ಮೂಲ ಪಾತ್ರಗಳ ಮಾಲೀಕರು ಬಹುಮಟ್ಟಿಗೆ ಕಂಡೂ ಕಾಣದಂತೆ ಇರುವುದರಿಂದಲೇ ಆ ಸಂತೆ ನಡೆದಿದೆ. ಅದು ಅನುಮತಿಯಲ್ಲ, ಸಹನೆ. ಅನ್ಯರ ಸಹನೆಯನ್ನು ನಂಬಿ ಹತ್ತು ಸಾವಿರ ಪ್ರತಿಗಳ ಮುದ್ರಣಕ್ಕೆ ಕಾಗದ ತರಿಸುವುದು ವಿವೇಕವೆನಿಸದು.

ಬಣ್ಣ ಬದಲಿಸಿದರೆ ಸಾಲದು

ಪಾತ್ರದ ಅಂಗಿಯ ಬಣ್ಣ ಬದಲಿಸಿ, ಹೆಸರಿನಲ್ಲಿ ಒಂದೆರಡು ಅಕ್ಷರ ಹೆಚ್ಚುಕಡಿಮೆ ಮಾಡಿದರೆ ಕಾನೂನು ಮುಟ್ಟುವುದಿಲ್ಲವೆಂಬ ನಂಬಿಕೆ ಪೇಟೆಯಲ್ಲಿ ವ್ಯಾಪಕವಾಗಿದೆ. ರಾಜಾ ಪಾಕೆಟ್ ಬುಕ್ಸ್ ಸಂಸ್ಥೆಯ 'ನಾಗರಾಜ' ಎಂಬ ಹಿಂದಿ ಕಾಮಿಕ್ಸ್ ನಾಯಕನನ್ನು ಹೋಲುವ 'ನಾಗೇಶ'ನನ್ನು ರಾಧಾ ಪಾಕೆಟ್ ಬುಕ್ಸ್ ಹೊರತಂದಾಗ ದೆಹಲಿ ಉಚ್ಚ ನ್ಯಾಯಾಲಯವು 1990ರ ದಶಕದಲ್ಲಿ ಅದಕ್ಕೆ ತಡೆಯಾಜ್ಞೆ ನೀಡಿತು. ಹಸಿರು ಮೈ, ಹಾವುಗಳ ಮೇಲಿನ ಹಿಡಿತ, ಹೆಸರಿನ ಧ್ವನಿ ಇವೆಲ್ಲವನ್ನೂ ಒಟ್ಟಾಗಿ ನೋಡಿ ಅದು ನಕಲೆಂದು ನ್ಯಾಯಾಲಯ ಭಾವಿಸಿತು.

1957ರ ಕೃತಿಸ್ವಾಮ್ಯ ಅಧಿನಿಯಮದ 63ನೆಯ ಕಲಂ ಪ್ರಕಾರ ಉಲ್ಲಂಘನೆಗೆ ಆರು ತಿಂಗಳಿನಿಂದ ಮೂರು ವರ್ಷಗಳವರೆಗೆ ಸೆರೆವಾಸ, 50 ಸಾವಿರದಿಂದ 2 ಲಕ್ಷ ರೂಪಾಯಿಗಳವರೆಗೆ ದಂಡ ಉಂಟು. ಈ ಅಪರಾಧವು ಪೊಲೀಸರು ನೇರವಾಗಿ ಕ್ರಮ ಕೈಗೊಳ್ಳಬಹುದಾದ, ಜಾಮೀನುರಹಿತ ಅಪರಾಧವೆಂದು ಸರ್ವೋಚ್ಚ ನ್ಯಾಯಾಲಯವು 2022ರ ಮೇ ತಿಂಗಳಿನಲ್ಲಿ ಸ್ಪಷ್ಟಪಡಿಸಿದೆ. ಮುದ್ರಿಸಿದವನು ಮಾತ್ರವಲ್ಲ, ತಿಳಿದೂ ಮಾರಿದ ಅಂಗಡಿಯವನೂ ಇದರ ವ್ಯಾಪ್ತಿಗೆ ಬರುತ್ತಾನೆ. ಮಾಲು ಜಪ್ತಿಯಾದರೆ ಆ ಹಂಗಾಮಿನ ವ್ಯಾಪಾರ ಮುಗಿದಂತೆಯೇ. ಅಭಿಮಾನಿ ತನ್ನ ಮನೆಯ ಗೋಡೆಗೆ ಡೊರೆಮಾನ್ ಬಿಡಿಸಿಕೊಂಡರೆ ಅದು ಅವನ ಖಾಸಗಿ ಸಂತೋಷ. ಅದೇ ಚಿತ್ರ ರಟ್ಟಿನ ಮೇಲೆ ಬಂದು ಬೆಲೆ ಕಟ್ಟಿಸಿಕೊಂಡಾಗ ವ್ಯವಹಾರವಾಗುತ್ತದೆ.

ಮಿಕ್ಕಿ ಮೌಸ್ ಈಗ ಸಾರ್ವಜನಿಕ ಸ್ವತ್ತಾಗಿದೆಯೆಂಬ ಮಾತೂ ಕೇಳಿಬರುತ್ತಿದೆ. 1928ರ 'ಸ್ಟೀಮ್‌ಬೋಟ್ ವಿಲ್ಲಿ' ಚಿತ್ರದ ಕಪ್ಪು-ಬಿಳುಪಿನ ಮಿಕ್ಕಿಯ ಕೃತಿಸ್ವಾಮ್ಯ 2024ರ ಜನವರಿ 1ರಂದು ಅಮೆರಿಕದಲ್ಲಿ ಮುಗಿದದ್ದು ನಿಜ. ಆದರೆ ಅದು ಆ ದೇಶದ ಲೆಕ್ಕ, ಆ ಒಂದು ರೂಪದ ಲೆಕ್ಕ. ಮಕ್ಕಳು ಇಂದು ಗುರುತಿಸುವ ಮಿಕ್ಕಿ ಬೇರೆ. ವ್ಯಾಪಾರ ಚಿಹ್ನೆಯ ಹಕ್ಕು ಕಂಪನಿಯ ಬಳಿಯೇ ಇದೆ. ಪರವಾನಗಿ ಪಡೆಯುವ ದಾರಿ ತೆರೆದಿದೆಯಾದರೂ ಅದರಲ್ಲಿ ಮುಂಗಡ ಕನಿಷ್ಠ ಖಾತರಿ ಮೊತ್ತ, ಮಾರಾಟದ ಮೇಲೆ ರಾಯಧನ, ಪ್ರತಿ ಮಾದರಿಗೂ ಕಂಪನಿಯ ಒಪ್ಪಿಗೆ ಇರುತ್ತವೆ. ದೊಡ್ಡ ನೋಟ್‌ಬುಕ್ ಕಾರ್ಖಾನೆಗೆ ಹೊಂದುವ ಈ ಕ್ರಮ ತಾಲೂಕು ಮಟ್ಟದ ಮುದ್ರಣಾಲಯಕ್ಕೆ ಭಾರವೇ ಸರಿ.

ಮೂರು ತಾಲೂಕು, ಮೂರು ಬಗೆಯ ಹಕ್ಕು

ಹಾಗಾದರೆ ಆಹ್ವಾನವನ್ನೇ ಕೈಬಿಡಬೇಕೆ? ಬೇಡ. ಪರರ ಪಾತ್ರವನ್ನು ಬಿಟ್ಟು, ಹಳೆಯ ಕೃತಿಯೊಳಗಿನ ಪಾತ್ರಗಳಿಗೇ ಕಾರ್ಟೂನ್ ಮುಖ ಕೊಡಿಸುವುದು ಇಲ್ಲಿಯ ಉದ್ದಿಮೆದಾರರಿಗೆ ಒಪ್ಪುವ ದಾರಿ. ಇದಕ್ಕೆ ಕನ್ನಡದಲ್ಲಿಯೇ ಪಾಠವಿದೆ. 'ಅಮರ ಚಿತ್ರಕಥೆ' ಮಾಲೆಯ ಮೊದಲ ಸಂಚಿಕೆಗಳು 1965ರಲ್ಲಿ ಇಂಡಿಯಾ ಬುಕ್ ಹೌಸ್‌ನ ಬೆಂಗಳೂರು ಶಾಖೆಯ ಜಿ.ಕೆ. ಅನಂತರಾಮ್ ಅವರ ಪ್ರಯತ್ನದಿಂದ ಕನ್ನಡದಲ್ಲಿ ಬಂದವು. ಅವು ಸಿಂಡ್ರೆಲಾ ಮೊದಲಾದ ಪಾಶ್ಚಾತ್ಯ ಕಥೆಗಳಾಗಿದ್ದವು. ಆ ಬಳಿಕ ಕಾರ್ಕಳ ಮೂಲದ ಅನಂತ ಪೈ ಅವರ ಸಂಪಾದಕತ್ವದಲ್ಲಿ 'ಕೃಷ್ಣ' ಸಂಚಿಕೆ ಹೊರಬಂದಾಗ ಅದಕ್ಕೆ 11ನೆಯ ಸಂಖ್ಯೆ ಬಿದ್ದದ್ದು ಆ ಮೊದಲ ಹತ್ತು ಪುಸ್ತಕಗಳ ಕಾರಣದಿಂದ. ಎರವಲು ಕಥೆಗಳಿಂದ ಆರಂಭವಾದ ಮಾಲೆ ಮನೆಮಾತಾದದ್ದು ಸ್ವಂತ ಕಥೆಗಳಿಂದ.

ಯಾವ ಕೃತಿಯನ್ನು ಯಾರ ಅನುಮತಿಯಿಂದ ಬಳಸಬಹುದೆಂಬುದಕ್ಕೆ ದೂರ ಹೋಗಬೇಕಾಗಿಲ್ಲ. ಭಾರತದಲ್ಲಿ ಲೇಖಕನ ಮರಣಾನಂತರ, ಮುಂದಿನ ವರ್ಷದ ಆರಂಭದಿಂದ ಎಣಿಸಿ 60 ವರ್ಷ ಕೃತಿಸ್ವಾಮ್ಯ ಇರುತ್ತದೆ. ಹುಕ್ಕೇರಿ ತಾಲೂಕಿನ ಘೋಡಗೇರಿಯಲ್ಲಿ 1937ರಲ್ಲಿ ಜನಿಸಿದ, 2010ನೆಯ ಸಾಲಿನ ಜ್ಞಾನಪೀಠ ಪುರಸ್ಕೃತ ಚಂದ್ರಶೇಖರ ಕಂಬಾರರ ನಾಟಕ, ಕಾದಂಬರಿಗಳು ಇನ್ನೂ ಹಕ್ಕಿನ ಅವಧಿಯಲ್ಲಿವೆ. 'ಸಿರಿಸಂಪಿಗೆ'ಯ ಪಾತ್ರವೊಂದನ್ನು ಡಬ್ಬಿಯ ಮೇಲೆ ತರಲು ಲಿಖಿತ ಒಪ್ಪಿಗೆ ಬೇಕು. ಗೋಕಾಕ ತಾಲೂಕಿನ ಬೆಟಗೇರಿಯ 'ಆನಂದಕಂದ' ಬೆಟಗೇರಿ ಕೃಷ್ಣಶರ್ಮರು ನಿಧನರಾದದ್ದು 1982ರಲ್ಲಿ. ಅವರ ಕೃತಿಗಳ ಹಕ್ಕು 2042ರ ಕೊನೆಯವರೆಗೆ ವಾರಸುದಾರರದು. ಅದೇ ತಾಲೂಕಿನ ಮಲಾಮರಡಿಯ ಬಸವರಾಜ ಕಟ್ಟೀಮನಿಯವರು 1989ರಲ್ಲಿ ತೀರಿಕೊಂಡರು. ಅಲ್ಲಿ 2049ರವರೆಗೆ ಕಾಯಬೇಕು, ಇಲ್ಲವೆ ಕೇಳಬೇಕು. ಕೇಳುವುದು ಕಠಿಣವೇನಲ್ಲ. ಊರಿನವರೇ ಬಂದು ಗೌರವದಿಂದ ಕೇಳಿದಾಗ ಇಲ್ಲವೆನ್ನುವ ಲೇಖಕ ಕುಟುಂಬಗಳು ವಿರಳ.

ಮೂಡಲಗಿ ತಾಲೂಕಿನ ಕುಲಗೋಡದಲ್ಲಿ ಮಾತ್ರ ಯಾರ ಅನುಮತಿಯೂ ಬೇಡದ ಭಂಡಾರವಿದೆ. ಹತ್ತೊಂಬತ್ತನೆಯ ಶತಮಾನದ ಕುಲಗೋಡ ತಮ್ಮಣ್ಣನವರು ಅಪರಾಳ ತಮ್ಮಣ್ಣನವರ ಪಾರಿಜಾತವನ್ನು ತಿದ್ದಿ ಬೆಳೆಸಿ ಆಡಿಸಿದ 'ಶ್ರೀಕೃಷ್ಣ ಪಾರಿಜಾತ' ಉತ್ತರ ಕರ್ನಾಟಕದ ಹಳ್ಳಿಹಳ್ಳಿಯಲ್ಲಿ ಬೆಳತನಕ ನಡೆದ ಆಟ. ಮುಂದೆ ಕೌಜಲಗಿ ನಿಂಗಮ್ಮನವರು ಅದಕ್ಕೆ ಮತ್ತಷ್ಟು ಕೀರ್ತಿ ತಂದರು. ನಾರದ ತಂದ ಹೂವು ರುಕ್ಮಿಣಿಯ ಮುಡಿಗೆ ಹೋಯಿತೆಂದು ಸತ್ಯಭಾಮೆ ಮುನಿಯುವುದು, ಕೃಷ್ಣ ರಮಿಸುವುದು, ನಡುವೆ ದೂತಿ ಭಾಗವತನೊಡನೆ ಚುರುಕು ಮಾತಾಡುವುದು. ದೂತಿಯ ಮಾತುಗಾರಿಕೆ, ನಾರದನ ಕಿಡಿಗೇಡಿತನ, ಸತ್ಯಭಾಮೆಯ ಮುನಿಸು ಇವು ಕಾರ್ಟೂನಿಗೆ ಹೇಳಿ ಮಾಡಿಸಿದ ಗುಣಗಳು. ದೇವರ ಕಥೆಯಲ್ಲಿ ನಗೆಗೆ ಎಷ್ಟು ಎಡೆಯಿದೆ, ಎಲ್ಲಿ ನಿಲ್ಲಬೇಕು ಎಂಬ ಅಳತೆಯನ್ನೂ ಆಟದ ಪರಂಪರೆಯೇ ತೋರಿಸಿಕೊಟ್ಟಿದೆ. ಶರಣರ ಹಾಗೂ ಸಂತರ ಚಿತ್ರಗಳಲ್ಲಿ ಅಂಥ ಅಳತೆ ಸಿಕ್ಕುವುದು ಕಷ್ಟ. ಅವುಗಳನ್ನು ಈ ಬಗೆಯ ವ್ಯಾಪಾರದಿಂದ ದೂರವಿಡುವುದೇ ಕ್ಷೇಮ.

ಇದರ ಜೊತೆಗೆ 1031ರ ಸುಮಾರಿಗೆ ದುರ್ಗಸಿಂಹ ಕನ್ನಡಕ್ಕೆ ತಂದ ಪಂಚತಂತ್ರ, 1937ರಲ್ಲಿ ನಿಧನರಾದ ಪಂಜೆ ಮಂಗೇಶರಾಯರ ಮಕ್ಕಳ ಕಥೆಗಳು, 1942ರಲ್ಲಿ ತೀರಿಕೊಂಡ ಗಳಗನಾಥರ ಐತಿಹಾಸಿಕ ಕಾದಂಬರಿಗಳು ಈಗ ಎಲ್ಲರ ಸ್ವತ್ತು. ಒಂದು ಎಚ್ಚರಿಕೆ ಮಾತ್ರ ಬೇಕು. ಹಳೆಯ ಕೃತಿಗೆ ಇತ್ತೀಚಿನ ವಿದ್ವಾಂಸರು ಮಾಡಿದ ಹೊಸಗನ್ನಡ ಅನುವಾದ, ಬರೆದ ಟಿಪ್ಪಣಿ, ಮುನ್ನುಡಿಗಳ ಹಕ್ಕು ಅವರದೇ ಆಗಿರುತ್ತದೆ. ಮೂಲ ಪಾಠದಿಂದ ತಾವೇ ಹೊಸದಾಗಿ ಬರೆಯಿಸಿಕೊಳ್ಳಬೇಕು.

ಚಿತ್ರಕಾರನೊಡನೆ ಕರಾರು

ಆಹ್ವಾನ ಹೊರಡಿಸುವವರು ಸಾಮಾನ್ಯವಾಗಿ ಮರೆಯುವ ವಿಷಯವಿದು. ಹಣ ಕೊಟ್ಟು ಹೇಳಿ ಬರೆಯಿಸಿದ ವರ್ಣಚಿತ್ರದ ಹಕ್ಕು, ಬೇರೆ ಒಪ್ಪಂದವಿಲ್ಲದಿದ್ದಲ್ಲಿ, ಬರೆಯಿಸಿದವನದು ಎಂದು 17ನೆಯ ಕಲಂ ಹೇಳುತ್ತದೆ. ಆದರೆ ಪ್ರಮಾಣಪತ್ರದ ಆಸೆ ತೋರಿಸಿ ಉಚಿತವಾಗಿ ಪಡೆದ ಚಿತ್ರಕ್ಕೆ ಈ ಮಾತು ಅನ್ವಯಿಸದು. ಅದರ ಒಡೆತನ ಚಿತ್ರಕಾರನಲ್ಲಿಯೇ ಉಳಿಯುತ್ತದೆ. 'ಬಂದ ಚಿತ್ರಗಳೆಲ್ಲ ಸಂಸ್ಥೆಯ ಸ್ವತ್ತು' ಎಂದು ಕರಪತ್ರದ ಅಡಿಯಲ್ಲಿ ಸಣ್ಣಕ್ಷರದಲ್ಲಿ ಅಚ್ಚು ಹಾಕಿಸಿದ ಮಾತ್ರಕ್ಕೆ ಹಕ್ಕು ವರ್ಗವಾಗುವುದಿಲ್ಲ. ವರ್ಗಾವಣೆ ಲಿಖಿತವಾಗಿರಬೇಕು, ಸಹಿಯಾಗಿರಬೇಕು, ಯಾವ ಚಿತ್ರ, ಯಾವ ಬಳಕೆ, ಎಷ್ಟು ಹಣ ಎಂಬುದು ಅದರಲ್ಲಿರಬೇಕು. ಅವಧಿ ಬರೆಯದಿದ್ದರೆ ಐದು ವರ್ಷವೆಂದೂ, ಪ್ರದೇಶ ಬರೆಯದಿದ್ದರೆ ಭಾರತವೆಂದೂ ಕಾನೂನು ಭಾವಿಸುತ್ತದೆ. ಪಡೆದ ಹಕ್ಕನ್ನು ಒಂದು ವರ್ಷದೊಳಗೆ ಬಳಸದೆ ಇಟ್ಟರೆ, ಕರಾರಿನಲ್ಲಿ ಬೇರೆ ಷರತ್ತಿಲ್ಲದಿದ್ದಲ್ಲಿ, ಅದು ತಪ್ಪಿಹೋಗುತ್ತದೆ. ಚಿತ್ರ ಬರೆದವನು ಶಾಲಾ ವಿದ್ಯಾರ್ಥಿಯಾಗಿದ್ದರೆ ಅವನ ಸಹಿಗೆ ಬೆಲೆಯಿಲ್ಲ. ಪಾಲಕರ ಸಹಿ ಬೇಕು.

ನೆರೆಯ ಕೇರಳದ ಪ್ರಕರಣವೊಂದು ಇಲ್ಲಿ ಸ್ಮರಣಾರ್ಹ. 'ಬೋಬನ್ ಮತ್ತು ಮೋಳಿ' ಎಂಬ ಜೋಡಿಯನ್ನು ಸೃಷ್ಟಿಸಿದ ವ್ಯಂಗ್ಯಚಿತ್ರಕಾರ ವಿ.ಟಿ. ಥಾಮಸ್ (ಟೋಮ್ಸ್) ಮಲಯಾಳ ಮನೋರಮಾ ಸಂಸ್ಥೆಯನ್ನು ಬಿಟ್ಟಾಗ, ಆ ಪಾತ್ರಗಳು ತನ್ನವೆಂದು ಸಂಸ್ಥೆ ವಾದಿಸಿತು. ಕೆಲಸಕ್ಕೆ ಸೇರುವ ಮುನ್ನವೇ ಪಾತ್ರಗಳು ಹುಟ್ಟಿದ್ದವೆಂಬ ಕಾರಣದಿಂದ, ಥಾಮಸ್ ಅವರು ಅವುಗಳನ್ನು ಬರೆಯುತ್ತಲೇ ಇರಬಹುದೆಂದು ಕೇರಳ ಉಚ್ಚ ನ್ಯಾಯಾಲಯ 1988ರಲ್ಲಿ ತೀರ್ಪಿತ್ತಿತು. ಇಪ್ಪತ್ತು ವರ್ಷಗಳಿಗೂ ಮಿಕ್ಕಿದ ಸಂಬಂಧ ಕರಾರಿನ ಕೊರತೆಯಿಂದ ಕೋರ್ಟಿಗೆ ಹೋಯಿತು.

ಚಿತ್ರ ತನ್ನ ಸ್ವಂತದ್ದೆಂಬ ಹೇಳಿಕೆಯನ್ನೂ ಬರೆಯಿಸಿಕೊಳ್ಳಬೇಕು. ಎರಡು ಮಾತು ಟೈಪು ಮಾಡಿದರೆ ಕಂಪ್ಯೂಟರೇ ಚಿತ್ರ ಬಿಡಿಸಿಕೊಡುವ ಈ ಕಾಲದಲ್ಲಿ, ಹೊಸ ಪಾತ್ರವೆಂದು ಬಂದದ್ದು ಯಾವುದೋ ಕಂಪನಿಯ ಹಳೆಯ ಪಾತ್ರದ ಪಡಿಯಚ್ಚಾಗಿರುವ ಸಂಭವ ಹೆಚ್ಚು. ಇನ್ನು ಹಣದ ವಿಷಯ. ಗೆದ್ದವರಿಗೆ ಒಮ್ಮೆ ಬಹುಮಾನ ಕೊಟ್ಟು ಕೈತೊಳೆದುಕೊಳ್ಳುವುದಕ್ಕಿಂತ ಮಾರಾಟದ ಮೇಲೆ ಸಣ್ಣ ಪಾಲು ಕೊಡುವುದು ಲೇಸು. ಪಾತ್ರ ಗೆದ್ದರೆ ಮುಂದಿನ ನೂರು ಚಿತ್ರಗಳಿಗೂ ಅದೇ ಕೈ ಬೇಕಾಗುತ್ತದೆ.

ನೋಂದಣಿ ಕಡ್ಡಾಯವಲ್ಲವಾದರೂ ತಕರಾರು ಬಂದಾಗ ನೆರವಾಗುತ್ತದೆ. ಸರಕಿನ ಮೇಲೆ ಬಳಸುವ ಕಲಾಕೃತಿಯ ಕೃತಿಸ್ವಾಮ್ಯ ನೋಂದಣಿಗೆ 2013ರ ನಿಯಮಗಳಂತೆ ಶುಲ್ಕ 2,000 ರೂ. ಪಾತ್ರದ ಹೆಸರನ್ನು ವ್ಯಾಪಾರ ಚಿಹ್ನೆಯಾಗಿ ದಾಖಲಿಸುವವರು ಕಾಗದದ ವಸ್ತುಗಳಿಗೆ 16ನೆಯ, ಆಟಿಕೆಗಳಿಗೆ 28ನೆಯ ವರ್ಗದಲ್ಲಿ ಅರ್ಜಿ ಹಾಕಬೇಕು. ಮಕ್ಕಳ ಚಿತ್ರಪುಸ್ತಕ, ಬಣ್ಣ ತುಂಬುವ ಪುಸ್ತಕಗಳ ಮೇಲೆ ಜಿ.ಎಸ್.ಟಿ. ಇಲ್ಲವೆಂಬುದು ಮುದ್ರಕರಿಗೆ ಅನುಕೂಲದ ಸಂಗತಿ.

ಆದರೆ ಈ ವಿಷಯದಲ್ಲಿ ಹೆಚ್ಚು ಲಾಭ, ಹೆಚ್ಚು ಅಪಾಯ ಎರಡೂ ಇರುವುದು ಗೋಕಾಕದ ಆಟಿಕೆ ಕಸುಬಿಗೆ. ಹಗುರ ಕಟ್ಟಿಗೆ ಹಾಗೂ ಮಣ್ಣಿನಿಂದ ನಿಜವೆಂದೇ ತೋರುವ ಹಣ್ಣು-ಕಾಯಿಗಳನ್ನು, ಬೊಂಬೆಗಳನ್ನು ಮಾಡಿ ಬಣ್ಣ ಹಚ್ಚುವ ಈ ಕೈಗಳಿಗೆ ಸತ್ಯಭಾಮೆ, ದೂತಿಯರನ್ನು ಕಾರ್ಟೂನ್ ರೂಪದಲ್ಲಿ ಮೂಡಿಸುವುದು ಕಷ್ಟದ ಮಾತಲ್ಲ. ಪುಸ್ತಕ ಹಾಗೂ ಬೊಂಬೆ ಒಂದೇ ಪೆಟ್ಟಿಗೆಯಲ್ಲಿ ಹೋದರೆ ಎರಡಕ್ಕೂ ಗಿರಾಕಿ ಸಿಗುತ್ತಾನೆ. ಇಲ್ಲಿ ತಿಳಿದಿರಬೇಕಾದದ್ದು 15ನೆಯ ಕಲಂ. ವಿನ್ಯಾಸವಾಗಿ ನೋಂದಾಯಿಸಬಹುದಾದುದನ್ನು ನೋಂದಾಯಿಸದೆ, ಕೈಗಾರಿಕಾ ವಿಧಾನದಿಂದ 50ಕ್ಕಿಂತ ಹೆಚ್ಚು ವಸ್ತುಗಳನ್ನು ತಯಾರಿಸಿದರೆ, ಆ ವಿನ್ಯಾಸದ ಮೇಲಿನ ಕೃತಿಸ್ವಾಮ್ಯ ಅಲ್ಲಿಗೆ ಕೊನೆಗೊಳ್ಳುತ್ತದೆ. ಐವತ್ತೊಂದನೆಯ ಬೊಂಬೆ ಹೊರಬಿದ್ದ ದಿನದಿಂದ ಯಾರು ಬೇಕಾದರೂ ಅಚ್ಚು ಮಾಡಿ ಪ್ಲಾಸ್ಟಿಕ್‌ನಲ್ಲಿ ಎರಕ ಹೊಯ್ಯಬಹುದು. 2000ದ ವಿನ್ಯಾಸ ಅಧಿನಿಯಮದಡಿ ನೋಂದಾಯಿಸಿದರೆ 10 ವರ್ಷ, ನವೀಕರಿಸಿದರೆ ಮತ್ತೆ 5 ವರ್ಷ ರಕ್ಷಣೆ ಉಂಟು. ಆದರೆ ವಿನ್ಯಾಸ ಹೊಸದಾಗಿರಬೇಕು. ಆದ್ದರಿಂದ ಜಾತ್ರೆಯಲ್ಲಿ, ವಸ್ತುಪ್ರದರ್ಶನದಲ್ಲಿ ಅಥವಾ ಮೊಬೈಲಿನಲ್ಲಿ ನಾಲ್ಕು ಜನರಿಗೆ ತೋರಿಸುವ ಮೊದಲೇ ಅರ್ಜಿ ಸಲ್ಲಿಸಿರಬೇಕು. 2021ರ ಜನವರಿ 1ರಿಂದ ಆಟಿಕೆಗಳಿಗೆ ಬಿ.ಐ.ಎಸ್. ಮುದ್ರೆ ಕಡ್ಡಾಯವಾಗಿದ್ದು, ಕರಕುಶಲ ಅಭಿವೃದ್ಧಿ ಆಯುಕ್ತರಲ್ಲಿ ನೋಂದಾಯಿಸಿಕೊಂಡ ಕುಶಲಕರ್ಮಿಗಳು ತಯಾರಿಸಿ ಮಾರುವ ಆಟಿಕೆಗಳಿಗೆ ವಿನಾಯಿತಿ ಇದೆ. ಬೊಂಬೆಗಳನ್ನು ಖರೀದಿಸಿ ಪೆಟ್ಟಿಗೆ ಕಟ್ಟುವ ವ್ಯಾಪಾರಸ್ಥರು ಕುಶಲಕರ್ಮಿಯ ನೋಂದಣಿ ಚೀಟಿಯ ಪ್ರತಿಯನ್ನು ತಮ್ಮ ದಫ್ತರದಲ್ಲಿ ಇಟ್ಟುಕೊಳ್ಳತಕ್ಕದ್ದು.