ಪ್ರವೇಶ ಸಿಕ್ಕರಷ್ಟೇ ಸಾಲದು: ಅಮೆರಿಕದಲ್ಲಿ ನಮ್ಮ ಮಕ್ಕಳಿಗೆ ಆಸರೆಯ ಕಾಲೇಜು

2019ರ ಏಪ್ರಿಲ್ ತಿಂಗಳ ಒಂದು ಬೆಳಗಿನ ಜಾವ ನ್ಯೂಜೆರ್ಸಿಯಿಂದ ನನ್ನ ಅಣ್ಣನ ಮಗಳು ದೂರವಾಣಿ ಮಾಡಿದಳು. ಅಲ್ಲಿ ಆಗ ಹಿಂದಿನ ದಿನದ ಸಂಜೆ. ಕುಶಲ ವಿಚಾರಿಸುವ ಮೊದಲೇ ಅವಳೆಂದಳು: "ಕಾಕಾ, ಸೀಟು ಸಿಕ್ಕದ. ಆದರ ಹೋಗಾಕ ಆಗೂದಿಲ್ಲ." ಸೀಟು ಸಿಕ್ಕಿಯೂ ಹೋಗಲಾಗದ ಸಂಗತಿ ಏನಿರಬಹುದೆಂದು ನನಗೆ ಅರ್ಥವಾಗಲು ಅರ್ಧ ಗಂಟೆ ಹಿಡಿಯಿತು.

ಹುಡುಗಿ ಓದಿನಲ್ಲಿ ಮುಂದು. ಮಣ್ಣು, ನೀರು, ಬೆಳೆಗಳ ವಿಜ್ಞಾನದಲ್ಲಿ ಅವಳಿಗೆ ಒಲವು. ಹನ್ನೊಂದು ಕಾಲೇಜುಗಳಿಗೆ ಅರ್ಜಿ ಹಾಕಿದ್ದಳು. ಅವುಗಳಲ್ಲಿ ಒಂಬತ್ತು ಜಗತ್ತೇ ಬಲ್ಲ ಹೆಸರುಗಳು. ಎಂಟು ಕಡೆಯಿಂದ ನಿರಾಕರಣೆ ಬಂದಿತು, ಒಂದು ಕಡೆ ಕಾಯುವವರ ಪಟ್ಟಿಗೆ ಸೇರಿಸಿದರು. ಉಳಿದ ಎರಡು, ಅಣ್ಣನು ಶಾಲೆಯ ಸಲಹೆಗಾರರ ಒತ್ತಾಯಕ್ಕೆ ಕೊನೆಯ ವಾರದಲ್ಲಿ ಸೇರಿಸಿದ 'ಸೇಫ್ಟಿ' ಕಾಲೇಜುಗಳು. ಒಂದು, ದೂರದ ರಾಜ್ಯದ ಖಾಸಗಿ ಕಾಲೇಜು. ಶಿಷ್ಯವೇತನ ಕಳೆದ ಮೇಲೂ ಅಲ್ಲಿಯ ವರ್ಷದ ಖರ್ಚು ಅಣ್ಣನ ಕೈಗೆ ಬರುವ ಆದಾಯದ ಅರ್ಧವನ್ನು ಮೀರುತ್ತಿತ್ತು. ಇನ್ನೊಂದರಲ್ಲಿ ಅವಳು ಬಯಸಿದ ವಿಷಯವೇ ಮುಖ್ಯ ಅಭ್ಯಾಸವಾಗಿ ಇರಲಿಲ್ಲ. ತಮ್ಮದೇ ರಾಜ್ಯದ ವಿಶ್ವವಿದ್ಯಾಲಯಕ್ಕೆ ಅರ್ಜಿಯನ್ನೇ ಹಾಕಿರಲಿಲ್ಲ. ಕಾರಣ ಕೇಳಿದರೆ, "ಅಲ್ಲಿ ಓಣಿಯ ಹುಡುಗರೆಲ್ಲ ಹೋಗತಾರ" ಎಂದು ಅಣ್ಣನ ಉತ್ತರ.

ಇಂದು ನಮ್ಮ ಸಮಾಜದ ಎಷ್ಟೋ ಮನೆತನಗಳ ಒಂದು ಕವಲು ಅಮೆರಿಕದಲ್ಲಿದೆ. ಮೊಮ್ಮಕ್ಕಳು ಅಲ್ಲಿಯೇ ಹುಟ್ಟಿ ಹೈಸ್ಕೂಲು ಮುಗಿಸುತ್ತಿದ್ದಾರೆ. ಇಲ್ಲಿಂದ ಪಿಯುಸಿ ಮುಗಿಸಿ ಪದವಿಗಾಗಿಯೇ ಅಲ್ಲಿಗೆ ಹೊರಡುವ ಮಕ್ಕಳೂ ಇದ್ದಾರೆ. ಆದ್ದರಿಂದ ಈ ವಿಷಯವನ್ನು ಇಲ್ಲಿಯ ಹಿರಿಯರೂ ತಿಳಿದಿರುವುದು ಒಳಿತೆಂದು ಭಾವಿಸಿ ಬರೆಯುತ್ತಿದ್ದೇನೆ.

ಅಲ್ಲಿಯ ಕ್ರಮ ನಮ್ಮ ಸಿಇಟಿಯಂತೆ ಒಂದೇ ರ‍್ಯಾಂಕಿನ ಮೇಲೆ ನಿಂತಿಲ್ಲ. ಪ್ರತಿಯೊಂದು ಕಾಲೇಜಿಗೂ ಬೇರೆ ಬೇರೆ ಅರ್ಜಿ. ಎಷ್ಟೋ ಕಾಲೇಜುಗಳು ಬಳಸುವ 'ಕಾಮನ್ ಅಪ್ಲಿಕೇಶನ್' ಎಂಬ ಸಾಮಾನ್ಯ ಅರ್ಜಿಯ ಮೂಲಕ 20 ಕಾಲೇಜುಗಳವರೆಗೆ ಕೇಳಿಕೊಳ್ಳಬಹುದು. ಅಂಕಗಳೊಂದಿಗೆ ಪ್ರಬಂಧ, ಶಿಕ್ಷಕರ ಶಿಫಾರಸು, ಶಾಲೆಯ ಹೊರಗಿನ ಚಟುವಟಿಕೆ ಎಲ್ಲವನ್ನೂ ತೂಗಿ ನೋಡುತ್ತಾರೆ. ಹಾರ್ವರ್ಡ್, ಸ್ಟ್ಯಾನ್‌ಫರ್ಡ್‌ಗಳಂಥ ಕಡೆ ನೂರು ಅರ್ಜಿಗಳಲ್ಲಿ ಐದಕ್ಕೂ ಪ್ರವೇಶ ದೊರೆಯುವುದಿಲ್ಲ. ಉತ್ತಮ ಅಂಕಗಳಿದ್ದರೂ ಅಲ್ಲಿ ಭರವಸೆ ಎಂಬುದಿಲ್ಲ. ಹೀಗಾಗಿ ವಿದ್ಯಾರ್ಥಿಗಳು ಮೂರು ಬಗೆಯ ಕಾಲೇಜುಗಳ ಪಟ್ಟಿ ಮಾಡುತ್ತಾರೆ: ಕೈಗೆಟುಕಲೂಬಹುದು ಎಂಬ ಆಸೆಯವು, ತಮ್ಮ ಅರ್ಹತೆಗೆ ಸರಿಸಮಾನವಾದವು, ಮತ್ತು ಖಂಡಿತವಾಗಿ ದೊರೆಯುವವು. ಈ ಕೊನೆಯದಕ್ಕೆ ಸೇಫ್ಟಿ ಕಾಲೇಜು ಎಂದು ಹೆಸರು. ನಾವು ಆಸರೆಯ ಕಾಲೇಜು ಎನ್ನೋಣ.

ಎಡವುವುದು ಇಲ್ಲಿಯೇ. ಪ್ರವೇಶ ಖಂಡಿತ ಎಂದಾದೊಡನೆ ಅದನ್ನು ಆಸರೆ ಎಂದು ಕರೆದುಬಿಡುತ್ತಾರೆ. ಆದರೆ ಶುಲ್ಕ ಕಟ್ಟಲಾಗದ ಕಾಲೇಜು, ಬಯಸಿದ ವಿಷಯವಿಲ್ಲದ ಕಾಲೇಜು ಎಂಥ ಆಸರೆ? ಪ್ರವೇಶ, ಹಣ, ಅಭಿರುಚಿ ಈ ಮೂರೂ ಕೂಡಿದಲ್ಲಿ ಮಾತ್ರ ಆ ಹೆಸರು ಸಲ್ಲುತ್ತದೆ.

ಪ್ರವೇಶದ ಮಾತು ಸುಲಭ. ಕೆಲವು ಸಾರ್ವಜನಿಕ ವಿಶ್ವವಿದ್ಯಾಲಯಗಳು ನಿಯಮವನ್ನು ಬಹಿರಂಗವಾಗಿ ಮುದ್ರಿಸಿವೆ. ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯವು ನಿಗದಿತ ವಿಷಯಗಳನ್ನು ಓದಿ, ಅವುಗಳಲ್ಲಿ 4ಕ್ಕೆ 3ರ ಸರಾಸರಿ ಪಡೆದವರನ್ನು ಅರ್ಹರೆಂದು ಎಣಿಸುತ್ತದೆ. ಟೆಕ್ಸಾಸ್‌ನಲ್ಲಿ 1997ರ ಕಾಯಿದೆಯಂತೆ ಆ ರಾಜ್ಯದ ಹೈಸ್ಕೂಲಿನ ಮೊದಲ ಶೇಕಡಾ 10ರಲ್ಲಿ ಬಂದವರಿಗೆ ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ ಪ್ರವೇಶ ತಾನಾಗಿಯೇ ಲಭ್ಯ. ಆಸ್ಟಿನ್ ನಗರದ ವಿಶ್ವವಿದ್ಯಾಲಯ ಮಾತ್ರ ಈ ಮಿತಿಯನ್ನು ಶೇಕಡಾ 6ಕ್ಕೂ, 2026ರ ಪ್ರವೇಶದಿಂದ ಶೇಕಡಾ 5ಕ್ಕೂ ಇಳಿಸಿದೆ.

ಈ ಭರವಸೆಯಲ್ಲೂ ಒಂದು ತೊಡಕುಂಟು. ಕಾಯಿದೆ ಬಾಗಿಲು ತೆರೆಯುವುದು ವಿಶ್ವವಿದ್ಯಾಲಯಕ್ಕೆ, ಬೇಡಿದ ವಿಭಾಗಕ್ಕಲ್ಲ. ಆಸ್ಟಿನ್‌ನಲ್ಲಿ ಪ್ರವೇಶ ಖಚಿತವಾದ ವಿದ್ಯಾರ್ಥಿಗೂ ಕಂಪ್ಯೂಟರ್ ವಿಭಾಗ ಸಿಗದೆ ಹೋಗಬಹುದು. ನಮ್ಮ ಹತ್ತು ಮನೆಗಳಲ್ಲಿ ಎಂಟು ಮನೆಯವರು ಬಯಸುವುದು ಅದನ್ನೇ! ಒಮ್ಮೆ ಒಳಗೆ ಸೇರಿದರೆ ಆಮೇಲೆ ವಿಭಾಗ ಬದಲಿಸೋಣ ಎಂಬ ಲೆಕ್ಕ ಎಷ್ಟೋ ಕಡೆ ನಡೆಯುವುದಿಲ್ಲ. ಆದಕಾರಣ ಪ್ರವೇಶದ ಪ್ರಮಾಣವನ್ನು ಇಡೀ ಕಾಲೇಜಿಗೆ ನೋಡದೆ ಆ ವಿಭಾಗಕ್ಕೇ ನೋಡಬೇಕು. ಎಂಜಿನಿಯರಿಂಗ್ ಆದರೆ ಆ ಅಭ್ಯಾಸಕ್ರಮಕ್ಕೆ 'ಎಬೆಟ್' ಸಂಸ್ಥೆಯ ಮನ್ನಣೆ ಇದೆಯೇ ಎಂಬುದನ್ನೂ ವಿಚಾರಿಸಬೇಕು.

ಇನ್ನು ಹಣದ ಮಾತು. ಮುದ್ರಿತ ಶುಲ್ಕವನ್ನು ಕಂಡು ಹೆದರಬಾರದು, ಮರುಳಾಗಲೂ ಬಾರದು. ಸಂಯುಕ್ತ ಸರಕಾರದ ನೆರವು ಪಡೆಯುವ ಪ್ರತಿಯೊಂದು ಕಾಲೇಜೂ 2011ರಿಂದ ತನ್ನ ಜಾಲತಾಣದಲ್ಲಿ 'ನೆಟ್ ಪ್ರೈಸ್ ಕ್ಯಾಲ್ಕುಲೇಟರ್' ಎಂಬ ಲೆಕ್ಕದ ಸಾಧನವನ್ನು ಇಡಬೇಕೆಂದು ಕಾನೂನಿದೆ. ಮನೆಯ ಆದಾಯ, ಉಳಿತಾಯಗಳನ್ನು ತುಂಬಿದರೆ ನೆರವು ಕಳೆದು ನಾವು ನಿಜವಾಗಿ ತೆರಬೇಕಾದ ಮೊತ್ತದ ಅಂದಾಜು ದೊರೆಯುತ್ತದೆ. ಅಣ್ಣನು ಅರ್ಜಿ ಹಾಕುವ ಮೊದಲು ಇದನ್ನು ಒಮ್ಮೆ ತೆರೆದು ನೋಡಿದ್ದರೆ ಆ ದೂರದ ಕಾಲೇಜು ಪಟ್ಟಿಯಲ್ಲಿ ಇರುತ್ತಲೇ ಇರಲಿಲ್ಲ. ಅರ್ಧ ಗಂಟೆಯ ಕೆಲಸ.

ಸ್ವಂತ ರಾಜ್ಯದ ಸಾರ್ವಜನಿಕ ವಿಶ್ವವಿದ್ಯಾಲಯವನ್ನು ಕಡೆಗಣಿಸುವುದಂತೂ ಅವಿವೇಕವೇ ಸರಿ. ಇಂಡಿಯಾನಾದ ಪರ್ಡ್ಯೂ ವಿಶ್ವವಿದ್ಯಾಲಯವು 2013ರಿಂದ ಬೋಧನಾ ಶುಲ್ಕವನ್ನು ಏರಿಸಿಲ್ಲ. ಅಲ್ಲಿ ರಾಜ್ಯದ ನಿವಾಸಿಗಳಿಗೆ ವರ್ಷಕ್ಕೆ ಸುಮಾರು 10 ಸಾವಿರ ಡಾಲರ್, ಹೊರ ರಾಜ್ಯದವರಿಗೆ ಸುಮಾರು 29 ಸಾವಿರ. ಪರ್ಡ್ಯೂ ಎಲ್ಲರಿಗೂ ಆಸರೆಯ ಕಾಲೇಜಲ್ಲ, ಎಂಜಿನಿಯರಿಂಗ್‌ಗೆ ಅಲ್ಲಿ ಬಿಗಿ ಸ್ಪರ್ಧೆಯಿದೆ. ನಿವಾಸಿಗೂ ಹೊರಗಿನವನಿಗೂ ಎಷ್ಟು ಅಂತರವೆಂದು ತೋರಿಸಲು ಹೇಳಿದೆ. ಇದಕ್ಕೆ ವಿರುದ್ಧವಾಗಿ ಅಲಬಾಮಾ ವಿಶ್ವವಿದ್ಯಾಲಯದಂಥವು ಹೊರ ರಾಜ್ಯದ ಪ್ರತಿಭಾವಂತರನ್ನು ಸೆಳೆಯಲು, ಇಷ್ಟು ಅಂಕಕ್ಕೆ ಇಷ್ಟು ಶಿಷ್ಯವೇತನ ಎಂದು ಕೋಷ್ಟಕವನ್ನೇ ಪ್ರಕಟಿಸುತ್ತವೆ. ಅಂಥಲ್ಲಿ ಖರ್ಚನ್ನು ಮುಂಚಿತವಾಗಿಯೇ ಬಹುಮಟ್ಟಿಗೆ ಲೆಕ್ಕ ಹಾಕಬಹುದು.

ವೀಸಾದ ಮೇಲಿರುವ ಕುಟುಂಬಗಳು ಇನ್ನಷ್ಟು ಎಚ್ಚರ ವಹಿಸಬೇಕು. ತಂದೆಗೋ ತಾಯಿಗೋ ಎಚ್-1ಬಿ ಇದ್ದು ಮಕ್ಕಳು ಎಚ್-4ರಲ್ಲಿದ್ದರೆ ಸಂಯುಕ್ತ ಸರಕಾರದ ವಿದ್ಯಾರ್ಥಿ ನೆರವು ದೊರೆಯುವುದಿಲ್ಲ. ಮಗುವಿಗೆ 21 ತುಂಬಿದಾಗ ಅವಲಂಬಿತರ ಆ ವೀಸಾ ಮುಗಿದು, ವಿದ್ಯಾರ್ಥಿ ವೀಸಾಕ್ಕೆ ಬದಲಾಗಬೇಕಾಗುತ್ತದೆ. ಆಗ ಕೆಲವು ರಾಜ್ಯಗಳಲ್ಲಿ ನಿವಾಸಿ ಶುಲ್ಕದ ಸೌಲಭ್ಯವೂ ಕೈತಪ್ಪಬಹುದು. ಅದು ಸಾಮಾನ್ಯವಾಗಿ ಪದವಿಯ ಮೂರನೆಯ ಇಲ್ಲವೆ ನಾಲ್ಕನೆಯ ವರ್ಷದಲ್ಲಿ, ಓದು ಅರ್ಧ ದಾರಿ ದಾಟಿದಾಗ ಎದುರಾಗುತ್ತದೆ. ಆದ್ದರಿಂದ ನಾಲ್ಕೂ ವರ್ಷಗಳ ಲೆಕ್ಕವನ್ನು ಮೊದಲೇ ಮಾಡಿಕೊಂಡು, ಕಾಲೇಜಿನ ಕಚೇರಿಗೆ ಬರೆದು ಲಿಖಿತ ಉತ್ತರ ಪಡೆಯುವುದು ಲೇಸು.

ಇಲ್ಲಿಂದ ಹೋಗುವ ಮಕ್ಕಳ ಪರಿಸ್ಥಿತಿ ಬೇರೆಯೇ. ವಿದೇಶಿ ವಿದ್ಯಾರ್ಥಿಯ ಬಡತನವನ್ನು ಗಣಿಸದೆ ಪ್ರವೇಶ ಕೊಟ್ಟು ಅಗತ್ಯವಿದ್ದಷ್ಟು ನೆರವನ್ನೂ ಕೊಡುವ ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿಯಂಥವು ಕೆಲವೇ ಕೆಲವು. ಅತಿ ದುರ್ಲಭವಾದವೂ ಅವೇ. ಉಳಿದೆಡೆ ನೆರವು ಬೇಕೆಂದು ಕೇಳಿದೊಡನೆ ಪ್ರವೇಶದ ಸಾಧ್ಯತೆಯೇ ಕುಗ್ಗಬಹುದು. ವೀಸಾಕ್ಕೆ ಮೊದಲು ಕನಿಷ್ಠ ಒಂದು ವರ್ಷದ ಖರ್ಚಿನ ಹಣ ತೋರಿಸಬೇಕು. ಅದಕ್ಕಾಗಿ ಊರ ಹೊಲವನ್ನು ಅಡವಿಟ್ಟವರನ್ನು ನಾನು ಬಲ್ಲೆ. ಡಾಲರಿನ ಬೆಲೆ 2014ರಲ್ಲಿ ಸುಮಾರು 61 ರೂಪಾಯಿ ಇದ್ದದ್ದು 2024ರಲ್ಲಿ 84ರ ಹತ್ತಿರ ಬಂದಿತು. ಮೊದಲ ವರ್ಷದ ದರದಲ್ಲಿ ನಾಲ್ಕು ವರ್ಷದ ಲೆಕ್ಕ ಹಾಕಿದವರಿಗೆ ಕೊನೆಯಲ್ಲಿ ಹಣ ಸಾಲದೆ ಬರುತ್ತದೆ. ಇಂಥ ಮಕ್ಕಳಿಗೆ ಕರ್ನಾಟಕದಲ್ಲಿ ದೊರೆಯುವ ಒಳ್ಳೆಯ ಸೀಟೇ ನಿಜವಾದ ಆಸರೆ. ಸಿಇಟಿಯಲ್ಲಿ ಎಷ್ಟು ಬೇಕಾದರೂ ಆಯ್ಕೆಗಳನ್ನು ನಮೂದಿಸಲು ಅವಕಾಶವಿದೆ. ಅಮೆರಿಕದ ಕನಸಿನಲ್ಲಿ ಅದನ್ನು ಅರ್ಧ ಮನಸ್ಸಿನಿಂದ ತುಂಬುವುದು ತರವಲ್ಲ.

ಉಳಿದದ್ದು ಅಭಿರುಚಿ. ಮಗುವಿಗೆ ಒಂದು ಪ್ರಶ್ನೆ ಕೇಳಿರಿ: ಬೇರೆ ಎಲ್ಲಿಯೂ ಸಿಗದೆ ಇಲ್ಲಿಗೇ ಹೋಗಬೇಕಾಗಿ ಬಂದರೆ ಅಲ್ಲಿ ಏನು ಓದುವೆ, ಯಾರ ಬಳಿ ಓದುವೆ? ಉತ್ತರವಿಲ್ಲದಿದ್ದರೆ ಆ ಕಾಲೇಜನ್ನು ಪಟ್ಟಿಯಿಂದ ತೆಗೆಯಿರಿ. ಸಾಧ್ಯವಾದರೆ ಒಮ್ಮೆ ಹೋಗಿ ನೋಡಿಬರಲಿ. ಅಲ್ಲಿಯ ಭೋಜನಾಲಯದಲ್ಲಿ ಶುದ್ಧ ಶಾಕಾಹಾರ ದೊರೆಯುವುದೇ ಎಂದು ವಿಚಾರಿಸುವುದರಲ್ಲಿ ನಾಚಿಕೆಯೇನೂ ಇಲ್ಲ. ಮಗು ನಾಲ್ಕು ವರ್ಷ ಉಣ್ಣಬೇಕಾದದ್ದು ಅಲ್ಲಿಯೇ.

ಹೆಸರಿನ ಹಂಬಲದ ಬಗ್ಗೆಯೂ ಒಂದು ಮಾತು. ಅಣ್ಣನನ್ನಷ್ಟೇ ದೂರಿ ಪ್ರಯೋಜನವಿಲ್ಲ. ಮದುವೆಯ ಪಂಕ್ತಿಯಲ್ಲಿ ಕುಳಿತು "ಮಗಳು ಯಾವ ಕಾಲೇಜರೀ?" ಎಂದು ಕೇಳುವವರು ನಾವೇ, ಕೇಳರಿಯದ ಹೆಸರು ಹೇಳಿದರೆ ಮುಖ ತಿರುಗಿಸುವವರೂ ನಾವೇ. ನಮ್ಮ ತಂದೆಯವರು ಧಾರವಾಡದ ಮಠವೊಂದರ ಉಚಿತ ಪ್ರಸಾದನಿಲಯದಲ್ಲಿದ್ದು ಓದಿದವರು. ಅವರ ಮಕ್ಕಳಾದ ನಮಗೆ ಮಿತವ್ಯಯದ ಕಾಲೇಜು ಅವಮಾನವಾಗಿ ತೋರಿತೆಂದರೆ ಏನು ಹೇಳೋಣ!

ಆ ವರ್ಷ ಅಣ್ಣನ ಮಗಳು ಬೇಸಿಗೆಯುದ್ದಕ್ಕೂ ಕನ್ನಡ ಕೂಟದ ಕಾರ್ಯಕ್ರಮಗಳಿಗೆ ಹೋಗಲಿಲ್ಲ, ಆ ಪ್ರಶ್ನೆಗೆ ಹೆದರಿ. ಸೆಪ್ಟೆಂಬರಿನಲ್ಲಿ ಮನೆಯ ಸಮೀಪದ ಕೌಂಟಿ ಕಾಲೇಜನ್ನು ಸೇರಿದಳು. ಅಲ್ಲಿ ಎರಡು ವರ್ಷದ ಪದವಿ ಮುಗಿಸಿದವರ ಕ್ರೆಡಿಟ್ಟುಗಳನ್ನು ರಾಜ್ಯದ ಸಾರ್ವಜನಿಕ ವಿಶ್ವವಿದ್ಯಾಲಯಗಳು ಒಪ್ಪಿಕೊಳ್ಳಬೇಕೆಂದು ನ್ಯೂಜೆರ್ಸಿಯಲ್ಲಿ 2007ರಿಂದ ಕಾನೂನಿದೆ. 2021ರಲ್ಲಿ ಮೂರನೆಯ ವರ್ಷಕ್ಕೆ ರಾಜ್ಯ ವಿಶ್ವವಿದ್ಯಾಲಯವನ್ನು ಸೇರಿ ಮಣ್ಣು-ನೀರಿನ ವಿಷಯವನ್ನೇ ಓದಿದಳು.

ತಮ್ಮನ ಸರದಿ 2023ರಲ್ಲಿ ಬಂದಿತು. ಈ ಸಲ ಪಟ್ಟಿ ಮಾಡಿದವಳು ಅಕ್ಕ. ಆಸರೆಯ ಎರಡು ಕಾಲೇಜುಗಳನ್ನು ಮೊದಲು ಬರೆಸಿದಳು, ಆಮೇಲೆ ಉಳಿದವು. ಅವುಗಳ ಪ್ರಬಂಧವನ್ನೂ ಮೊದಲೇ ಬರೆಸಿದಳು. ಏಕೆಂದರೆ ಮನಸ್ಸಿಲ್ಲದೆ ಬರೆದ ಅರ್ಜಿಯನ್ನು ಗುರುತಿಸಿ ತಿರಸ್ಕರಿಸುವ ಕಾಲೇಜುಗಳೂ ಉಂಟು. ಹುಡುಗನಿಗೆ ಒಂದು ಹೆಸರಾಂತ ಕಾಲೇಜಿನಲ್ಲಿಯೂ ಪ್ರವೇಶ ದೊರೆಯಿತು. ಎರಡೂ ಕಡೆಯ ಪತ್ರಗಳನ್ನು ಊಟದ ಮೇಜಿನ ಮೇಲಿಟ್ಟು ನಾಲ್ಕು ವರ್ಷದ ಲೆಕ್ಕ ಬರೆದು ನೋಡಿದರಂತೆ. ಮೇ 1ರ ಗಡುವಿಗೆ ಎರಡು ದಿನ ಮೊದಲು, ಮನೆಯಿಂದ ಒಂದು ಗಂಟೆ ದೂರದ ಆಸರೆಯ ಕಾಲೇಜಿಗೇ ಮುಂಗಡ ಕಟ್ಟಿದರು. ಅಣ್ಣನಿಗೆ ಇಂದಿಗೂ ಒಳಗೊಳಗೇ ಸ್ವಲ್ಪ ಬೇಸರವಿದೆ, ನನ್ನಿಂದ ಮುಚ್ಚಿಡುವುದಿಲ್ಲ. ಹುಡುಗನಂತೂ ಸೇರಿದ ಮೊದಲ ದಿನವೇ ತಾಯಿಗೆ ಫೋನು ಮಾಡಿ, ಇಲ್ಲಿ ಬೇಳೆಸಾರು ಸಿಗುತ್ತದೆ, ಆದರೆ ಉಪ್ಪು ಕಡಿಮೆ ಎಂದನಂತೆ.